ಹೊಗೆಗೂಡಿನ ಕಲೆ

ಮಲೆನಾಡಿನ ಹೆಂಚಿನ ಮನೆಯಲ್ಲಿ ಮಳೆಗಾಲದ ತೇವ ದೂರುವಂಥ ಸಂಗತಿಯೇ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ನಮ್ಮೂರಿಗೆ ಅಷ್ಟಿಲ್ಲದಿದ್ದರೂ ಆರಿದ್ರಾ ಮಳೆ ಹಿಡಿಯಿತೆಂದರೆ ಹಾಸಿಗೆ, ಹಪ್ಪಳ, ಮಕ್ಕಳ ಉತ್ತರಪತ್ರಿಕೆ ಎಲ್ಲವೂ ಮೆತ್ತಗಾಗುತ್ತವೆ. ಆದರೆ ನಮ್ಮ ಅಡಿಗೆಮನೆಯ ಹೊಗೆಗೂಡಿನ ಸುತ್ತ ಮೂಡುತ್ತಿದ್ದ ಚಹಾ ಬಣ್ಣದ ಕಲೆ ಬೇರೆಯೇ ಜಾತಿಯದು. ಸುಣ್ಣ ಬಳಿದರೆ ಎರಡು ತಿಂಗಳು ಅಡಗಿದ್ದು, ಮತ್ತೆ ಅದೇ ಆಕಾರದಲ್ಲಿ ಎದ್ದು ಬರುತ್ತಿತ್ತು. ಈ ಕಲೆಯ ದೆಸೆಯಿಂದ ನಾನೊಬ್ಬರಿಗೆ ಅನ್ಯಾಯ ಮಾಡಿದೆ.

ಹೊಗೆಗೂಡು ಕಟ್ಟಿಸಿದವರು ನಮ್ಮ ಮಾವನವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ 1980ರ ದಶಕದಲ್ಲಿ ಹಳ್ಳಿಗಳಿಗೆ ಬಂದಾಗ, ಅತ್ತೆಯವರ ಕಣ್ಣುರಿ ತಪ್ಪಲೆಂದು ಅದನ್ನು ಹಾಕಿಸಿ, ಕೊಳವೆಯ ಬದಲು ಇಟ್ಟಿಗೆಯ ಗೂಡನ್ನೇ ಮಾಡಿನ ಮೇಲಕ್ಕೆ ಹಾಯಿಸಿದರು. ಇಪ್ಪತ್ತು ವರ್ಷ ಒಂದು ಹನಿ ತೇವ ಕಾಣಲಿಲ್ಲ. ಆಮೇಲೆ ಗ್ಯಾಸ್ ಬಂತು. 2009ರಲ್ಲಿ ಸೌದೆ ಉರಿಸುವುದನ್ನೇ ಬಿಟ್ಟೆವು. ಬಾವಲಿ, ಇಲಿ ಇಳಿಯುತ್ತವೆಂದು ಗೂಡಿನ ಮೇಲ್ಬಾಯಿಗೆ ಕಡಪ ಕಲ್ಲು ಮುಚ್ಚಿ ಸಿಮೆಂಟು ಮೆತ್ತಿಸಿದೆ. ಕೆಳಗೆ ಒಲೆಯ ಬಾಯಿಗೂ ಇಟ್ಟಿಗೆ ಕಟ್ಟಿಸಿದೆ. ಮುಚ್ಚಿಸಿದ್ದು ನಾನೇ ಎಂಬುದನ್ನು ಓದುಗರು ನೆನಪಿಟ್ಟಿರಬೇಕು, ಏಕೆಂದರೆ ನಾನು ಮರೆತಿದ್ದೆ.

ಎರಡು ವರ್ಷಕ್ಕೆ ಕಲೆ ಕಾಣಿಸಿತು. 2012ರ ಬೇಸಗೆಯಲ್ಲಿ ಊರಿನ ಮೇಸ್ತ್ರಿಯೊಬ್ಬರನ್ನು ಕರೆಸಿದೆ. ಇಳಿಜಾರಿನಲ್ಲಿ ಹರಿದು ಬರುವ ನೀರು ಗೂಡಿನ ಬೆನ್ನಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಹೆಂಚು, ಪಕಾಸಿ ಬಿಸಿಲಿಗೆ ಒಂದು ರೀತಿ ಹಿಗ್ಗಿದರೆ ಇಟ್ಟಿಗೆ ಇನ್ನೊಂದು ರೀತಿ. ನಡುವೆ ಮೆತ್ತಿದ ಸಿಮೆಂಟು ಬಿರಿಯುತ್ತದೆ. ಅವರು ಹಳೆಯ ಸಿಮೆಂಟು ಕಿತ್ತು, ತಗಡನ್ನು ಇಟ್ಟಿಗೆಯ ಸಂದಿಗೆ ಮಡಿಸಿ ಕೂರಿಸಿ, ನೀರು ಎರಡು ಕಡೆಗೆ ಸೀಳಿ ಹೋಗುವಂತೆ ಬೆನ್ನಿಗೆ ಸಣ್ಣದೊಂದು ದಿಣ್ಣೆ ಮಾಡಿದರು. ಕೂಲಿ 4,000 ರೂಪಾಯಿ ಎಂದು ಮಾತಾಗಿತ್ತು. 2,500 ಕೊಟ್ಟು, ಉಳಿದದ್ದು ಮಳೆ ನೋಡಿ ಎಂದೆ.

ಕಲೆ ಮರಳಿ ಬಂತು. ಕರೆದರೆ ಅವರು ಆ ಮಳೆಯಲ್ಲೇ ಗೋಣಿಕೊಪ್ಪೆ ಹಾಕಿಕೊಂಡು ಮಾಡು ಹತ್ತಿದರು. ಇಳಿದು ಬಂದು, "ನೀರು ಮೇಲಿಂದ ಬರ್ತಿಲ್ಲ ಟೀಚರಮ್ಮ. ಗೂಡಿಗೆ ಗಾಳಿ ಇಲ್ಲ. ಆ ಕಲ್ಲು ತೆಗೆಸಿ ನೋಡಿ" ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದುಬಿಟ್ಟೆ, ಅವರ ಮುಖದ ಎದುರೇ. 1,500 ಕೊಡಲಿಲ್ಲ. ಅವರು ಎರಡನೇ ಸಲ ಕೇಳಲೂ ಇಲ್ಲ. ಅದನ್ನೇ ತಪ್ಪೊಪ್ಪಿಗೆ ಎಂದುಕೊಂಡೆ.

2019ರಲ್ಲಿ ಹೆಂಚು ಇಳಿಸಿ ಮಾಡು ರಿಪೇರಿ ಮಾಡಿಸುವಾಗ ತಗಡು ಕೂರಿಸಿದ ಹಾಗೇ ಇತ್ತು. ಕೆಳಗಿನ ರೀಪು ಒಣಗಿ ಖಣಖಣ ಎನ್ನುತ್ತಿತ್ತು. ಹೊಸಬರು ಕಡಪ ಕಲ್ಲು ಎಬ್ಬಿಸಿದರೆ ಅದರ ಒಳಮೈಯಲ್ಲಿ ಪಾತ್ರೆಯ ಮುಚ್ಚಳದಲ್ಲಿರುವಂತೆ ಹನಿಗಳು. ವರ್ಷಗಟ್ಟಲೆ ಸೌದೆಯ ಹೊಗೆ ಕುಡಿದ ಇಟ್ಟಿಗೆಯಲ್ಲಿ ಲವಣ ಸೇರಿಕೊಂಡಿರುತ್ತದೆ, ಅದು ಗಾಳಿಯ ತೇವವನ್ನು ಕಲ್ಲುಪ್ಪಿನಂತೆ ಎಳೆದುಕೊಳ್ಳುತ್ತದೆ ಎಂದು ಅವರೇ ವಿವರಿಸಿದರು. ದಿನವೂ ಬೆಂಕಿ ಇದ್ದಾಗ ಗೂಡು ತನ್ನನ್ನು ತಾನೇ ಒಣಗಿಸಿಕೊಳ್ಳುತ್ತಿತ್ತು. ಬೆಂಕಿ ನಂದಿಸಿ, ಎರಡೂ ಬಾಯಿ ಕಟ್ಟಿದವಳು ನಾನು. ಈಗ ಮಳೆ ತಡೆದು ಗಾಳಿ ಬಿಡುವಂತೆ ನಾಲ್ಕು ಇಟ್ಟಿಗೆಯ ಕಾಲಿನ ಮೇಲೆ ಕಲ್ಲು ಕೂರಿಸಿದ್ದೇವೆ. ಕೆಳಗೆ ಎರಡು ಗವಾಕ್ಷಿ ಬಿಟ್ಟು, ಉಪ್ಪೇರಿದ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿಸಿ, ಬೇಸಗೆಯೆಲ್ಲ ಒಣಗಲು ಬಿಟ್ಟು ಸುಣ್ಣದ ಗಾರೆ ಮಾಡಿಸಿದೆ. ಕಲೆ ಮುಕ್ಕಾಲು ಹೋಗಿದೆ.

ತಿಳಿಯದೆ ಮಾಡಿದ್ದು ತಪ್ಪಲ್ಲ ಎಂದು ತರಗತಿಯಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೇನೆ. ಅದನ್ನು ನನಗೂ ಹೇಳಿಕೊಂಡು ನೋಡಿದೆ, ಒಗ್ಗಲಿಲ್ಲ. ಮಳೆ ನಿಂತು ವಾರ ಕಳೆದ ಮೇಲೂ ಮಂಜು ಕವಿದ ಬೆಳಿಗ್ಗೆ ಆ ಕಲೆ ಬೆವರುತ್ತಿದ್ದುದನ್ನು ನಾನು ಕಾಫಿ ಲೋಟ ಹಿಡಿದು ನಿಂತು ನೋಡಿದ್ದೆ. ಸೋರುವ ಮಾಡಾದರೆ ಮಳೆಯಿಲ್ಲದ ದಿನ ಸೋರುವುದು ಹೇಗೆಂದು ಏಳನೇ ತರಗತಿಯ ಹುಡುಗನೂ ಕೇಳಿಯಾನು. ನಾನು ಕೇಳಲಿಲ್ಲ, ಏಕೆಂದರೆ ಉತ್ತರ ಆಗಲೇ ಕೈಯಲ್ಲಿತ್ತು, ಅದಕ್ಕೆ ಒಬ್ಬ ಆಸಾಮಿಯೂ ಸಿಕ್ಕಿದ್ದ. ತಿಳಿಯದಿರುವುದು ಬೇರೆ, ತಿಳಿದುಕೊಳ್ಳುವ ಗೋಜಿಗೆ ಹೋಗದಿರುವುದು ಬೇರೆ. ಎರಡನ್ನೂ ನಾವು ಅಜ್ಞಾನವೆಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಎರಡನೆಯದಕ್ಕೆ ಬಹಳ ಅನುಕೂಲವಾಗಿದೆ.

ದುಡ್ಡು ತೆಗೆದುಕೊಂಡು ಅವರ ಮನೆಗೆ ಹೋದೆ. ಮಂಡಿನೋವಿನಿಂದ ಮಾಡು ಹತ್ತುವುದನ್ನು ಬಿಟ್ಟಿದ್ದರು. ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಡಿಸಿದರು. ನಾನು ಎಲ್ಲವನ್ನೂ ಹೇಳಿದೆ. ಅವರು 1,500 ಎಣಿಸಿಕೊಂಡರು. ಮೇಲೆ ಇಟ್ಟಿದ್ದ ಐನೂರನ್ನು ನನ್ನ ಕಡೆ ಸರಿಸಿದರು.

"ಇದು ನನ್ನ ದುಡ್ಡು, ತಗೊಳ್ತೀನಿ. ಆದ್ರೆ ಆವತ್ತು ನೀವು ಪೇಟೇಲಿ, ಶಾಲೇಲಿ ಹೇಳಿದ್ರಲ್ಲ, ನನ್ನ ಕೆಲಸ ಸೋರತ್ತೆ ಅಂತ, ಅದನ್ನ ಹ್ಯಾಗೆ ವಾಪಸ್ ತರ್ತೀರಿ?"

ಸಿಟ್ಟಿನಲ್ಲಿ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು. ಅಂಕ ಕೂಡುವುದು ತಪ್ಪಿದರೆ ತಿದ್ದಿ, ಪಕ್ಕದಲ್ಲಿ ಸಹಿ ಹಾಕಬಹುದು. ಇದಕ್ಕೆ ಎಲ್ಲಿ ಸಹಿ ಹಾಕಲಿ? ಯಾರು ಯಾರಿಗೆ ಹೇಳಿದ್ದೆನೆಂದು ಮನೆಗೆ ಬಂದು ಬರೆಯುತ್ತ ಕೂತೆ. ಹನ್ನೊಂದು ಹೆಸರಾಯಿತು. ಇಬ್ಬರು ತೀರಿಹೋಗಿದ್ದರು. ಉಳಿದವರಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಹೆಚ್ಚಿನವರಿಗೆ ಪ್ರಸಂಗವೇ ಮರೆತಿತ್ತು, ಒಬ್ಬರು ನಕ್ಕರು.

ಅವರ ಮಗನೂ ಈಗ ಅದೇ ಕೆಲಸ ಮಾಡುತ್ತಾನೆ. ಕಳೆದ ಬೇಸಗೆಯಲ್ಲಿ ಪಕ್ಕದ ಊರಿನವರೊಬ್ಬರು ಬಚ್ಚಲುಮನೆ ಕಟ್ಟಿಸುತ್ತಿದ್ದರು. ನಾನು ಆ ಹುಡುಗನ ಹೆಸರು ಹೇಳಿದೆ. ಅವರು ಮುಖ ಹಿಂಡಿ, "ಅವರಪ್ಪನ ಕೆಲಸ ಸೋರ್ತದಂತಲ್ಲ" ಎಂದರು. ಅವರು ನನ್ನ ಪಟ್ಟಿಯಲ್ಲಿ ಇದ್ದವರೇ ಅಲ್ಲ. ಸೌದೆ ಒಲೆಯಿಂದ ಹಿಡಿದು ಕಡಪ ಕಲ್ಲಿನವರೆಗೆ ಇಡೀ ಕಥೆಯನ್ನು ಅವರ ಅಂಗಳದಲ್ಲೇ ನಿಂತು ಹೇಳಿದೆ. ತಾಳ್ಮೆಯಿಂದ ಕೇಳಿದರು. ಕೇಳಿ, "ಆದರೂ..." ಎಂದರು.