ದೇವರೂ ಪಾವತಿ ಪಡೆದನು

ಊರ ಹಣವನ್ನು ಕೈಯಲ್ಲಿಟ್ಟುಕೊಂಡವನಿಗೆ ‘ಲೆಕ್ಕ ತೋರಿಸು’ ಎಂದು ಕೇಳುವದು ಅವನ ಶೀಲವನ್ನೇ ಶಂಕಿಸಿದಂತಾಗುವದೇ? ಸಲಗರ ಬುದ್ರುಕದಂತಹ ಊರುಗಳಲ್ಲಿ ಈ ಸಂಕೋಚವು ಸಹಜವಾದುದು. ಸರಪಂಚನಾಗಲಿ, ಗುಡಿಯ ಪಂಚನಾಗಲಿ ಒಬ್ಬರಿಗೆ ಬೀಗನು, ಇನ್ನೊಬ್ಬರಿಗೆ ಹೊಲದ ನೆರೆಯವನು. ಕೇಳಿದರೆ ಮನಸ್ಸು ಮುರಿದೀತೆಂದು ಅಂಜಿ, ‘ದೇವರು ನೋಡಿಕೊಳ್ಳುವನು’ ಎಂದು ಜನರು ಸುಮ್ಮನಾಗುವರು. ಈ ಮೌನವು ಭಕ್ತಿಯೋ ಆಲಸ್ಯವೋ ಎಂಬುದು ವಿಚಾರಿಸತಕ್ಕ ಮಾತು.

ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯೇ ಸಾಕು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಅಲ್ಲಿ ಕರಣಿಕರಾಗಿ ಸೇವೆಗೆ ತೊಡಗಿ, ಮುಂದೆ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾದರೆಂದು ಪರಂಪರೆಯು ಹೇಳುವದು. ಅರಸನ ಬೊಕ್ಕಸವನ್ನು ಜಂಗಮರಿಗೆ ಸುರಿಯುತ್ತಿರುವರೆಂದು ಚಾಡಿಕೋರರು ದೂರಿದಾಗ, ಎಣಿಸಿ ನೋಡಲಾಗಿ ಭಂಡಾರದಲ್ಲಿ ಕೊರತೆಯೇ ಇರಲಿಲ್ಲವೆಂದು ಪುರಾಣಗಳು ವರ್ಣಿಸುವವು. ಅಷ್ಟು ದೊಡ್ಡ ಶರಣರೂ ‘ನನ್ನ ಭಕ್ತಿಯೇ ಸಾಕ್ಷಿ’ ಎಂದು ಬೀಗದ ಕೈಯನ್ನು ಬಚ್ಚಿಡಲಿಲ್ಲವೆಂಬುದು ಇಲ್ಲಿ ಗಮನಿಸತಕ್ಕದ್ದು. ಚಾಡಿಯ ಬಾಯಿ ಮುಚ್ಚಿಸಿದ್ದು ಎಣಿಕೆಯೇ. ಲೆಕ್ಕವು ಕಳ್ಳನಿಗೆ ಬಲೆ, ಪ್ರಾಮಾಣಿಕನಿಗೆ ಕವಚ.

ಅದೇ ಮಂಗಳವೇಢೆಯ ಸಂತ ದಾಮಾಜಿಪಂತರ ಕಥೆಯು ಇನ್ನೂ ಕಠಿಣವಾದ ಪ್ರಶ್ನೆಯನ್ನೊಡ್ಡುವದು. ಘೋರವಾದ ಬರಗಾಲದಲ್ಲಿ ಅವರು ಬೀದರದ ಬಾದಶಹನ ಅಪ್ಪಣೆಗೆ ಕಾಯದೆ ಸರಕಾರಿ ಕಣಜಗಳನ್ನು ತೆರೆದು ಹಸಿದವರಿಗೆ ಧಾನ್ಯ ಹಂಚಿದರಂತೆ. ಕಾರ್ಯವು ಪುಣ್ಯದ್ದು, ಕಾಳು ಮಾತ್ರ ಪರರದು. ಹಾಗಾದರೆ ಪುಣ್ಯಕ್ಕೆಂದು ಮಾಡಿದ ವೆಚ್ಚಕ್ಕೆ ಲೆಕ್ಕ ಬೇಡವೇ? ಬೇಡವೆಂದು ಕಥೆಯು ಹೇಳುವದಿಲ್ಲ. ಸಾಕ್ಷಾತ್ ವಿಠ್ಠಲನೇ ವಿಠೂ ಮಹಾರನ ವೇಷದಿಂದ ಬೀದರಕ್ಕೆ ಹೋಗಿ, ಧಾನ್ಯದ ಬೆಲೆಯನ್ನು ತೆತ್ತು, ಕೈಯಲ್ಲಿ ಪಾವತಿ ಪಡೆದು ಬಂದನೆಂದು ಭಕ್ತರು ನಂಬಿರುವರು. ಬಾದಶಹನ ಮನಸ್ಸನ್ನು ಒಂದು ಕ್ಷಣದಲ್ಲಿ ತಿರುಗಿಸುವ ಶಕ್ತಿ ದೇವರಿಗಿರಲಿಲ್ಲವೇ? ಆದರೂ ಭಕ್ತನ ಬಾಕಿಯನ್ನು ಅಳಿಸಲಿಲ್ಲ, ತೀರಿಸಿದನು. ದಯೆಯು ದೊಡ್ಡದಾದಷ್ಟೂ ಅದರ ಲೆಕ್ಕವು ಶುದ್ಧವಾಗಿರಬೇಕೆಂಬುದೇ ಇದರ ಇಂಗಿತ.

ಇಂದು ಬಾದಶಹನಿಲ್ಲ, ಅಕ್ಕಲಕೋಟೆಯ ಸಂಸ್ಥಾನವೂ 1948ರಲ್ಲಿ ವಿಲೀನವಾಯಿತು. ಕಣಜದ ಒಡೆತನವು ಊರವರಿಗೇ ಬಂದಿರುವದು. 1958ರ ಗ್ರಾಮಪಂಚಾಯತಿ ಕಾಯದೆಯು ಗ್ರಾಮನಿಧಿಯನ್ನು ಏರ್ಪಡಿಸಿತು. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯು ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನ ಕೊಟ್ಟಿತು. 2005ರ ಮಾಹಿತಿ ಹಕ್ಕಿನ ಕಾಯದೆಯು ಕಾಗದಪತ್ರ ಕೇಳುವ ಅಧಿಕಾರವನ್ನು ಸಾಮಾನ್ಯನಿಗೂ ಒದಗಿಸಿತು. ಗುಡಿಯ ಹಣವೂ ಇದಕ್ಕೆ ಹೊರತಲ್ಲ; ನೋಂದಾಯಿತ ದೇವಸ್ಥಾನಗಳು ಲೆಕ್ಕವಿಟ್ಟು ತಪಾಸಣೆ ಮಾಡಿಸಬೇಕೆಂದು 1950ರ ಸಾರ್ವಜನಿಕ ವಿಶ್ವಸ್ತ ನಿಧಿಗಳ ಕಾಯದೆಯು ವಿಧಿಸಿರುವದು.

ಆದರೆ ಕಾಯದೆಯು ತಾನಾಗಿ ಎದ್ದು ಬಂದು ಕಿರ್ದಿಯನ್ನು ತೆರೆಯಲಾರದು. ಘರಪಟ್ಟಿಯನ್ನು ಬಾಕಿ ಇಟ್ಟು, ಗ್ರಾಮಸಭೆಯ ದಿನ ಮನೆಯಲ್ಲಿ ಕುಳಿತು, ಸಂಜೆ ಕಟ್ಟೆಯ ಮೇಲೆ ‘ಎಲ್ಲರೂ ತಿನ್ನುವವರೇ’ ಎಂದು ಗೊಣಗುವವನು ಇಬ್ಬರಿಗೆ ಅನ್ಯಾಯ ಮಾಡುವನು. ತಿಂದವನು ಆ ಗುಂಪುಮಾತಿನ ಮರೆಯಲ್ಲಿ ಪಾರಾಗುವನು. ತಿನ್ನದವನು ಅದೇ ಮಾತಿನಿಂದ ಕಳ್ಳನೆನಿಸುವನು. ಕಬ್ಬಿಣ, ಸಿಮೆಂಟುಗಳಿಗೆ ನ್ಯಾಯವಾಗಿ ವೆಚ್ಚ ಮಾಡಿಯೂ ಚೀಟಿಯನ್ನಿಡದ ಪಂಚನು ನಾಳೆ ತನ್ನ ಮಕ್ಕಳಿಗೆ ಯಾವ ಆಧಾರದಿಂದ ತಾನು ನಿರ್ದೋಷಿಯೆಂದು ತೋರಿಸಬಲ್ಲನು? ಆದ್ದರಿಂದ ಕೇಳುವವನು ಸಭೆಯಲ್ಲಿ ನಿಂತು, ವಿನಯದಿಂದ, ಇಂಥ ಬಾಬಿನ ಲೆಕ್ಕವೆಂದು ಹೆಸರಿಟ್ಟು ಕೇಳಲಿ. ಹೇಳುವವನು ಕೇಳುವ ಮೊದಲೇ ತೋರಿಸಲಿ.

ಗುಡಿಯ ಜೀರ್ಣೋದ್ಧಾರಕ್ಕೆ ಕೂಲಿಯ ಹೆಣ್ಣುಮಗಳೊಬ್ಬಳು ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಡುವಳು. ಧನಿಕನು ಹತ್ತು ಸಾವಿರ ಕೊಡುವನು. ಪಾವತಿ ಪುಸ್ತಕದಲ್ಲಿ ಇಬ್ಬರಿಗೂ ಒಂದೊಂದೇ ಹಾಳೆ. ಅವರಿಬ್ಬರೂ ಸಮಾನರಾಗುವದು ದೇವರೆದುರಿಗೆ, ಮತ್ತು ಆ ಹಾಳೆಯಲ್ಲಿ. ಕಳಸವೇರುವ ದಿನ ಜಮಾ-ಖರ್ಚಿನ ಪಟ್ಟಿಯನ್ನೂ ಕನ್ನಡ, ಮರಾಠಿ ಎರಡರಲ್ಲಿಯೂ ಬರೆಯಿಸಿ ಮಹಾದ್ವಾರದ ಬದಿಗೆ ತೂಗುಹಾಕಿದರೆ, ಅದೂ ದೇವರ ಸೇವೆಯೇ ಸರಿ.