ಕತ್ತರಿಸಿದ್ದು ಲೇಸರ್, ಕಟ್ಟಿದ್ದು ಯಾರು?

ಇವತ್ತು ಒಂದು ಚಿಕ್ಕ ಮಾತಿನ ಬಗ್ಗೆ ಯೋಚನೆ ಮಾಡೋಣ. "ಇದು ನಾನು ಮಾಡಿದ್ದು" ಅನ್ನೋ ಮಾತು. ಆಫೀಸ್ ಮೀಟಿಂಗ್‌ನಲ್ಲಿ ಹೇಳ್ತೀವಿ, ರೆಸ್ಯೂಮೆಯಲ್ಲಿ ಬರೀತೀವಿ, ಸ್ಟೇಟಸ್‌ಗೆ ಹಾಕ್ತೀವಿ. ಈ ಮಾತು ಯಾವಾಗ ನಿಜ, ಯಾವಾಗ ಸುಳ್ಳು?

ನಮ್ಮ ಯೌವನಸ್ಥರ ಗುಂಪಿನವರು ಈ ರಜೆಯಲ್ಲಿ ಕಾಗದದಲ್ಲಿ ದೊಡ್ಡ ಗಡಿಯಾರ ಕಟ್ಟಿದರು. ನಿಜವಾದ ಗೋಪುರ ನಿಮಗೆಲ್ಲ ಗೊತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ್ದು. ಎತ್ತರ 75 ಅಡಿ, ಅಂದರೆ ಹತ್ತಿರಹತ್ತಿರ 23 ಮೀಟರ್. ಅದನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ 23 ಸೆಂಟಿಮೀಟರ್. ಕಮಾನು, ಕಿಟಕಿ, ಗುಮ್ಮಟದ ಎಸಳು, ಎಲ್ಲವನ್ನೂ ದಪ್ಪ ಕಾಗದದಲ್ಲಿ ಲೇಸರ್ ಕಟಿಂಗ್ ಮಾಡಿಸಿ ತಂದಿದ್ದರು. ಮುಗಿದ ಮೇಲೆ ಒಬ್ಬ ತಂಗಿ ಕೇಳಿದಳು: "ಅಣ್ಣ, ಡ್ರಾಯಿಂಗ್ ಬೇರೆಯವರದು, ಕತ್ತರಿಸಿದ್ದು ಮೆಷಿನ್ನು. ಫೋಟೋ ಕೆಳಗೆ 'ನಾವೇ ಮಾಡಿದ್ದು' ಅಂತ ಹಾಕಬಹುದಾ?"

ಒಳ್ಳೆ ಪ್ರಶ್ನೆ. ಸುಮ್ಮನೆ "ಹಾಕಮ್ಮ" ಅಂದು ಮುಗಿಸೋ ಪ್ರಶ್ನೆ ಅಲ್ಲ.

ಮೊದಲು ಮೆಷಿನ್ ಏನು ಮಾಡಿತು ನೋಡೋಣ. ಕಾರ್ಬನ್ ಡೈಆಕ್ಸೈಡ್ ಲೇಸರ್‌ನ ಕಿರಣ ಕಣ್ಣಿಗೆ ಕಾಣೋದಿಲ್ಲ. ಗೆರೆಯ ಉದ್ದಕ್ಕೂ ಕಾಗದವನ್ನು ಸುಟ್ಟು ಆವಿ ಮಾಡಿಕೊಂಡು ಹೋಗುತ್ತೆ. ಅಂಚಿನಲ್ಲಿ ತೆಳು ಕಂದು ಬಣ್ಣ ಉಳಿಯೋದು ಅದಕ್ಕೇ. ಈ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ನಮ್ಮ ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಹಾಗಾದರೆ ಆ ಪುಟ್ಟ ಕಿಟಕಿಯಲ್ಲಿ ಅವರ ಪಾಲಿದೆ, ಡ್ರಾಯಿಂಗ್ ಮಾಡಿದವರ ಪಾಲಿದೆ, ಅಂಗಡಿಯಲ್ಲಿ ಮೆಷಿನ್ ನಡೆಸಿದ ಹುಡುಗನ ಪಾಲಿದೆ. "ಎಲ್ಲಾ ನಾನೇ" ಅಂದರೆ ಅದು ಸುಳ್ಳು.

ಸರಿ, ಹಾಗಂತ "ನಂದೇನೂ ಇಲ್ಲ" ಅನ್ನೋದು ನಿಜವಾ? ಅದೂ ಅಲ್ಲ. ಲೇಸರ್ ಕತ್ತರಿಸುತ್ತೆ, ಕಟ್ಟೋದಿಲ್ಲ. ಭಾಗಗಳು ಉದುರಿಹೋಗದಂತೆ ಹಾಳೆಗೆ ಕೂದಲಿನಷ್ಟು ಕೊಂಡಿ ಬಿಟ್ಟಿರುತ್ತಾರೆ. ಅದನ್ನು ಬ್ಲೇಡಿನಿಂದ ಒಂದೊಂದಾಗಿ ಬಿಡಿಸಬೇಕು, ಎಳೆದರೆ ಹರಿಯುತ್ತೆ. ಫೆವಿಕಾಲ್ ಜಾಸ್ತಿಯಾದರೆ ಅದರಲ್ಲಿನ ನೀರಿಗೆ ಕಾಗದ ಉಬ್ಬಿ ಸೊಟ್ಟಗಾಗುತ್ತೆ. ಒಂದು ಅಂತಸ್ತು ಒಣಗೋವರೆಗೂ ಮುಂದಿನದನ್ನು ಕೂರಿಸುವ ಹಾಗಿಲ್ಲ. 5 ಸೆಂಟಿಮೀಟರ್ ಅಗಲದ ಬುಡ ಒಂದು ಕಡೆ ಅರ್ಧ ಮಿಲಿಮೀಟರ್ ಎತ್ತರವಾದರೆ ಸಾಕು, ತುದಿ 2 ಮಿಲಿಮೀಟರಿಗಿಂತ ಜಾಸ್ತಿ ಪಕ್ಕಕ್ಕೆ ವಾಲುತ್ತೆ. ಈ ತಾಳ್ಮೆ ಯಾವ ಫೈಲಿನಲ್ಲೂ ಬರೋದಿಲ್ಲ.

ಈಗ ನಿಜವಾದ ಪರೀಕ್ಷೆಗೆ ಬನ್ನಿ. ಗೋಪುರ ನೆಟ್ಟಗೆ ನಿಂತರೆ "ನನ್ನ ಕೈಚಳಕ" ಅಂತೀವಿ. ವಾಲಿದರೆ? "ಡ್ರಾಯಿಂಗೇ ಸರಿ ಇರಲಿಲ್ಲ, ಕಟಿಂಗ್ ಸರಿ ಬಂದಿಲ್ಲ." ಅಲ್ವಾ? ವಾಲಿದ್ದಕ್ಕೆ ಉತ್ತರ ಕೊಡದವನಿಗೆ ನೆಟ್ಟಗೆ ನಿಂತದ್ದನ್ನು ತನ್ನದು ಅನ್ನೋ ಹಕ್ಕೂ ಇಲ್ಲ. ಯಾವುದಕ್ಕೆ ನಾನು ಉತ್ತರ ಕೊಡಬಲ್ಲೆನೋ ಅಷ್ಟೇ ನನ್ನದು. ಮುರಿದರೆ ಸರಿಮಾಡಬಲ್ಲೆನಾ? ಯಾಕೆ ಹೀಗೆ ಮಾಡಿದೆ ಅಂತ ಕೇಳಿದರೆ ಹೇಳಬಲ್ಲೆನಾ? ಎಐ ಬರೆದುಕೊಟ್ಟ ಪ್ರಾಜೆಕ್ಟ್ ರಿಪೋರ್ಟಿಗೆ ನಿಮ್ಮ ಹೆಸರು ಹಾಕುವಾಗಲೂ ಇದೇ ಪ್ರಶ್ನೆ ಕೇಳಿಕೊಳ್ಳಿ.

ಇನ್ನೊಂದು ಮಾತು, ಸ್ವಲ್ಪ ಕಹಿ. "ಅಯ್ಯೋ, ನಂದೇನೂ ಇಲ್ಲ" ಅನ್ನೋ ಮಾತು ಎಷ್ಟೋ ಸಲ ದೀನತೆ ಅಲ್ಲ, ತಪ್ಪಿಸಿಕೊಳ್ಳೋ ದಾರಿ. ನಂದೇನೂ ಇಲ್ಲ ಅಂದವನನ್ನು ಯಾರೂ ಲೆಕ್ಕ ಕೇಳೋ ಹಾಗಿಲ್ಲ. ಹೆಮ್ಮೆಪಡುವವನು ಬೇರೆಯವರ ಪಾಲನ್ನು ಕದೀತಾನೆ, ಹುಸಿ ದೀನತೆಯವನು ತನ್ನ ಪಾಲಿನ ಹೊಣೆಯನ್ನು ಕೆಳಗಿಳಿಸ್ತಾನೆ.

ವಿಮೋಚನಕಾಂಡ 31ನೇ ಅಧ್ಯಾಯ ತೆಗೆದು ನೋಡಿ. ಗುಡಾರದ ಕೆಲಸಕ್ಕೆ ಕರೆಯಲ್ಪಟ್ಟ ಬೆಚಲೇಲನ ಜಾಣ್ಮೆ ದೇವರು ಕೊಟ್ಟದ್ದು ಅಂತ ಅಲ್ಲಿ ಸ್ಪಷ್ಟವಾಗಿದೆ. ನಮೂನೆಯೂ ಅವನದಲ್ಲ, ಬೆಟ್ಟದ ಮೇಲೆ ಮೋಶೆಗೆ ತೋರಿಸಿದ್ದು. ಆದರೂ ಅವನ ಹೆಸರಿದೆ, ತಂದೆಯ ಹೆಸರಿದೆ, ಕುಲದ ಹೆಸರಿದೆ, ಜೊತೆಗಾರ ಒಹೊಲೀಯಾಬನ ಹೆಸರೂ ಇದೆ. ಎಲ್ಲವೂ ವರ, ಆದರೂ ಕೈ ಅವನದೇ. ಎರಡೂ ಒಟ್ಟಿಗೆ ನಿಜ.

ಇದೆಲ್ಲ ಬರೀ ಮಾತಿನ ವಿಷಯ ಅಲ್ಲ, ಇದರಲ್ಲಿ ಅನ್ನದ ಪ್ರಶ್ನೆ ಇದೆ. ನಮ್ಮ ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಮೇಲೆ ಕುಸುರಿ ಕೂರಿಸುವವರಿದ್ದಾರೆ. ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಸಣ್ಣ ಗರಗಸದಲ್ಲಿ ಕೊಯ್ದು, ಬೀಟೆಯಲ್ಲಿ ಅದೇ ಆಕಾರದ ಕುಳಿ ತೋಡಿ ಕೂರಿಸುತ್ತಾರೆ. ಅದನ್ನು ಕಲಿಯೋಕೆ ವರ್ಷಗಳೇ ಬೇಕು. ಲೇಸರ್ ಕೊಯ್ದದ್ದನ್ನು "ಹ್ಯಾಂಡ್‌ಮೇಡ್" ಅಂತ ಮಾರಿದರೆ ನಷ್ಟವಾಗೋದು ಯಾರಿಗೆ? ಆ ಕೈಗಳಿಗೆ. ಮೆಷಿನ್ ಬಳಸೋದು ಪಾಪ ಅಲ್ಲ. ಮೆಷಿನ್ ಮಾಡಿದ್ದನ್ನು ಕೈ ಮಾಡಿದ್ದು ಅನ್ನೋದು ಇನ್ನೊಬ್ಬರ ಕೂಲಿಗೆ ಕೈ ಹಾಕಿದಂತೆ.

ಆದ್ದರಿಂದ ಪ್ರಿಯರೇ, ಈ ವಾರ ಒಂದು ಅಭ್ಯಾಸ ಮಾಡಿ. "ನಾನು ಮಾಡಿದ್ದು" ಅನ್ನೋ ಮುಂಚೆ ಎರಡು ವಾಕ್ಯ ಜೋಡಿಸಿ: ಯಾರಿಂದ ಏನು ಪಡೆದೆ, ಯಾವ ಭಾಗಕ್ಕೆ ನಾನು ಹೊಣೆ. ಟೀಮ್ ಮೀಟಿಂಗ್‌ನಲ್ಲಿ ಜೂನಿಯರ್ ಹುಡುಗಿಯ ಹೆಸರು ಹೇಳಿ. ತಪ್ಪಾದಾಗಲೂ ನಿಮ್ಮ ಹೆಸರು ನೀವೇ ಹೇಳಿ. ಆ ತಂಗಿ ಕೊನೆಗೆ ಬರೆದದ್ದು ಇಷ್ಟೇ: ಡ್ರಾಯಿಂಗ್ ಇಂಥವರದು, ಕಟಿಂಗ್ ಇಂಥ ಅಂಗಡಿಯದು, ಅಂಟಿಸಿದ್ದು ನಾವು, ವಾಲಿದ್ದರೆ ಅದೂ ನಮ್ಮದೇ. ಇಷ್ಟು ಹೇಳಿದರೆ ಯಾರ ಮರ್ಯಾದೆಯೂ ಕಡಿಮೆ ಆಗಲ್ಲ. ಕರ್ತನು ನಿಮ್ಮ ಕೈಕೆಲಸವನ್ನೂ ನಿಮ್ಮ ಮಾತನ್ನೂ ಆಶೀರ್ವದಿಸಲಿ. ಆಮೆನ್.