ಹಾಲು ಬಿಟ್ಟವರ ಹಾಲನ್ನ

ಹಾಲು, ತುಪ್ಪ ಮುಟ್ಟುವುದಿಲ್ಲವೆಂದು ವ್ರತ ಹಿಡಿದ ಹುಡುಗಿಯರು ಕೊನೆಗೆ ಬಯಸುವುದು ತುಪ್ಪ ಮುಚ್ಚಿದ ಹಾಲನ್ನವನ್ನೇ. ತಮಿಳು ಕವಯಿತ್ರಿ ಆಂಡಾಳ್ ಹಾಡಿದ ತಿರುಪ್ಪಾವೈಯ 30 ಪಾಶುರಗಳಲ್ಲಿ 2ನೆಯದು ಎರಡನ್ನೂ ಒಲ್ಲೆ ಎನ್ನುತ್ತದೆ, 27ನೆಯದು ಎರಡನ್ನೂ ಬೇಡುತ್ತದೆ. ಹಾಗಾದರೆ ದೇವರಿಗೆ ಬೇಕಾಗಿದ್ದದ್ದು ಅವರ ಉಪವಾಸವೋ, ಊಟವೋ?

ಶ್ರೀರಂಗಪಟ್ಟಣದ ರಂಗನಾಥ, ಕೆ.ಆರ್. ಪೇಟೆ ಬಳಿಯ ಹೊಸಹೊಳಲಿನ ಲಕ್ಷ್ಮೀನಾರಾಯಣ, ನಾಗಮಂಗಲದ ಸೌಮ್ಯಕೇಶವ, ಪಾಂಡವಪುರ ತಾಲೂಕಿನ ಮೇಲುಕೋಟೆಯ ಚೆಲುವನಾರಾಯಣ: ಮಂಡ್ಯ ಸೀಮೆಯ ಉದ್ದಕ್ಕೂ ವಿಷ್ಣುವಿನ ಗುಡಿಗಳು. ಇಲ್ಲಿನ ಅಯ್ಯಂಗಾರ್ ಮನೆಗಳಲ್ಲಿ ಧನುರ್ಮಾಸದ 27ನೆಯ ದಿನ, ಜನವರಿ 11ರ ಆಸುಪಾಸು, ಆ 27ನೆಯ ಪಾಶುರದ ಹಬ್ಬ ಕೂಡಾರವಲ್ಲಿ. ಅಂದು ಆ ಹಾಲನ್ನ, ಅಂದರೆ ಅಕ್ಕಾರವಡಿಸಲ್, ಆಗಲೇಬೇಕು.

ಅದಕ್ಕೆ ಅಪರೂಪದ ಸಾಮಾನೇನೂ ಬೇಡ, ಪುರುಸೊತ್ತು ಬೇಕು. ಒಂದು ಲೋಟ ಅಕ್ಕಿ, ಹಿಡಿ ಹೆಸರುಬೇಳೆಯನ್ನು ತುಪ್ಪದಲ್ಲಿ ಘಮ್ಮೆನ್ನುವವರೆಗೆ ಹುರಿದು, ಐದಾರು ಲೋಟ ಗಟ್ಟಿ ಹಾಲಿನಲ್ಲೇ ಬೇಯಿಸುತ್ತಾರೆ. ಉರಿ ಸಣ್ಣದಿರಬೇಕು, ಸೌಟು ತಳ ಮುಟ್ಟುತ್ತಲೇ ಇರಬೇಕು. ಗಂಜಿ ಬಿಟ್ಟುಕೊಂಡು ಹಾಲು ಮಂದವಾಗುತ್ತದೆ. ಅಗುಳು ಬೆರಳಲ್ಲಿ ಅಮುಕಿದರೆ ಬೆಣ್ಣೆಯಂತಿರಬೇಕು. ಬೆಲ್ಲಕ್ಕೆ ಆತುರ ಕೂಡದು. ಅನ್ನ ಬೇಯುವ ಮುಂಚೆ ಬಿದ್ದರೆ ಅಗುಳು ಬಿರುಸಾಗಿ ನಿಲ್ಲುತ್ತದೆ, ಕುದಿಯುವಾಗ ಬಿದ್ದರೆ ಹಾಲು ಒಡೆಯುತ್ತದೆ. ಒಲೆಯಿಂದ ಇಳಿಸಿ, ಬಿಸಿ ತುಸು ತಗ್ಗಿದ ಮೇಲೆ ಸೋಸಿದ ಬೆಲ್ಲದ ಪಾಕ. ಆಮೇಲೆ ಕೈಬಿಚ್ಚಿ ತುಪ್ಪ, ಏಲಕ್ಕಿ, ಒಂದು ಚಿಟಿಕೆಗೂ ಕಡಿಮೆ ಪಚ್ಚಕರ್ಪೂರ.

ನೈವೇದ್ಯಕ್ಕೆ ಮುಂಚೆ ರುಚಿ ನೋಡುವಂತಿಲ್ಲ. ಅಳತೆಯನ್ನು, ಮೂಗನ್ನು, ಬೆರಳನ್ನು ನಂಬಿಯೇ ಮಾಡಬೇಕು. ಈ ಕಟ್ಟುಪಾಡು ರುಚಿಯನ್ನು ಹೀಗಳೆಯುವುದಿಲ್ಲ, ನಾಲಿಗೆಯ ಸರದಿಯನ್ನು ಹಿಂದಕ್ಕೆ ಹಾಕುತ್ತದೆ, ಅಷ್ಟೆ.

1017ರಲ್ಲಿ ಹುಟ್ಟಿದರೆಂದು ಸಂಪ್ರದಾಯ ಹೇಳುವ ರಾಮಾನುಜರು ತೊಣ್ಣೂರು, ಮೇಲುಕೋಟೆಗಳಲ್ಲಿ ಬಹುಕಾಲ ನೆಲೆಸಿದ್ದರು. ಆಂಡಾಳಿನ ಹಾಡಿನ ಮೇಲಿನ ಒಲವಿನಿಂದ ‘ತಿರುಪ್ಪಾವೈ ಜೀಯರ್’ ಎಂಬ ಹೆಸರೇ ಅವರಿಗೆ ಬಂತು. ಅವರ ದರ್ಶನದಲ್ಲಿ ಜಗತ್ತು ಭ್ರಮೆಯಲ್ಲ; ಚೇತನ, ಅಚೇತನ ಎರಡೂ ಸತ್ಯ, ಎರಡೂ ಭಗವಂತನ ಶರೀರ. ಹಾಗಿದ್ದ ಮೇಲೆ ವಿಶ್ವೇಶ್ವರಯ್ಯ ನಾಲೆಯ ನೀರುಂಡು ಬೆಳೆದ ಅಕ್ಕಿ, ಪಾಂಡವಪುರದ ಆಲೆಮನೆಯ ಬೆಲ್ಲ ಇವೂ ಸತ್ಯ, ಇವುಗಳ ಸವಿಯೂ ಸತ್ಯ. ವ್ರತದಲ್ಲಿ ಬಿಡಬೇಕಾದದ್ದು ಸವಿಯನ್ನಲ್ಲ, ಅದು ತನ್ನೊಬ್ಬನದೆಂಬ ಹಟವನ್ನು. 27ನೆಯ ಪಾಶುರದ ಹುಡುಗಿಯರು ಬೇಡುವುದೂ ಕೂಡಿ ಉಣ್ಣುವುದನ್ನೇ.

ಮೇಲುಕೋಟೆಯ ಮಟ್ಟಿಗೆ ಈ ‘ಕೂಡಿ’ ಎಂಬ ಮಾತು ಸಲೀಸಾಗಿ ಗಂಟಲಿಳಿಯುವುದಿಲ್ಲ. ಚೆಲುವನಾರಾಯಣನ ಉತ್ಸವಮೂರ್ತಿ ಚೆಲುವಪಿಳ್ಳೆಯನ್ನು ದಿಲ್ಲಿಯಿಂದ ತರಲು ನೆರವಾದ ದಲಿತರನ್ನು ರಾಮಾನುಜರು ‘ತಿರುಕುಲದವರು’ ಎಂದು ಗೌರವಿಸಿ ಗುಡಿಯೊಳಗೆ ಬರಮಾಡಿಕೊಂಡರು ಎಂದು ಸಂಪ್ರದಾಯವೇ ಹೆಮ್ಮೆಯಿಂದ ಹೇಳುತ್ತದೆ. ಆದರೆ ರೂಢಿಯಲ್ಲಿ ಆ ಪ್ರವೇಶ ವರ್ಷಕ್ಕೆ ಮೂರು ದಿನಕ್ಕೆ ಸೀಮಿತವಾಗಿತ್ತು. ಉಳಿದ ದಿನಗಳ ಲೆಕ್ಕ ಕೊಡಬೇಕಾದದ್ದು ಪಾಶುರ ಹಾಡುವವರೇ.

ಆಂಡಾಳ್ ಅಳಗರ್ ಕೋಯಿಲಿನ ದೇವರಿಗೆ ನೂರು ಕೊಡ ಬೆಣ್ಣೆ, ನೂರು ಕೊಡ ಅಕ್ಕಾರವಡಿಸಲ್ ಹರಕೆ ಹೊತ್ತಿದ್ದಳು. ಶತಮಾನಗಳ ಮೇಲೆ ರಾಮಾನುಜರು ಅದನ್ನು ತೀರಿಸಿದರಂತೆ. ಅದಕ್ಕೇ ತನ್ನೂರು ಶ್ರೀವಿಲ್ಲಿಪುತ್ತೂರಿನಲ್ಲಿ ಅವಳು ಅವರನ್ನು ‘ಅಣ್ಣಾ’ ಎಂದು ಕರೆದಳಂತೆ. ಒಬ್ಬರ ಹರಕೆಯನ್ನು ಇನ್ನೊಬ್ಬರು ತಡವಾಗಿಯಾದರೂ ತೀರಿಸಬಹುದೆನ್ನುವ ಈ ಕಥೆಯನ್ನು ನಂಬುವ ಮನೆಗಳು, ಕೂಡಾರವಲ್ಲಿಯ ಪಂಕ್ತಿಗೆ ತಿರುಕುಲದವರನ್ನೂ ಕರೆಯಬೇಕು.